ಕತೆ ನಿಂತ ಪುಟದಲ್ಲಿ ತಪ್ಪು ಹುಡುಕಬೇಡಿ

ಪ್ರಶ್ನೆ: ನನಗೆ ಮೂವತ್ತಾರು ವರ್ಷ. ಸಾಗರದ ಹತ್ತಿರದ ಊರೊಂದರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಕಾಲೇಜಿನಿಂದಲೂ ಕತೆ ಬರೆಯುವ ಆಸೆ. ಆರು ವರ್ಷದಲ್ಲಿ ಮುಗಿಸಿದ್ದು ಎರಡು ಕತೆ, ಅರ್ಧಕ್ಕೆ ನಿಂತಿರುವುದು ಹನ್ನೊಂದು. ಐದಾರು ಪುಟ ಸರಾಗ ಬರುತ್ತದೆ, ಆಮೇಲೆ ಕೈ ಏಳುವುದಿಲ್ಲ. ಇತ್ತೀಚಿನದು ಒಬ್ಬ ಅಣ್ಣನ ಕತೆ. ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಅವನು ಹಬ್ಬದ ನೆಪದಲ್ಲಿ ತಂಗಿಯನ್ನು ಕರೆಸುತ್ತಾನೆ. ತಂಗಿ ಬಂದು ಕೂತಿದ್ದಾಳೆ. ಮುಂದೇನೂ ಹೊಳೆಯದೆ ಎರಡು ತಿಂಗಳಾಯಿತು. ಅವಳು ಮನೆಗೆ ಬರುವ ಭಾಗವನ್ನು ಇದರೊಂದಿಗೆ ಕಳಿಸಿದ್ದೇನೆ. ನನ್ನಲ್ಲಿ ಸೃಜನಶೀಲತೆಯೇ ಇಲ್ಲವೆ? ನೌಕರಿ ಮಾಡಿಕೊಂಡು ಒಂದು ಸಂಕಲನ ಮಾಡಲು ಸಾಧ್ಯವೆ?

ಉತ್ತರ: ನಮ್ಮ ಅಲಂಕಾರಶಾಸ್ತ್ರದವರು ಕಾವ್ಯ ಹುಟ್ಟುವುದಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರು ಕಾರಣ ಹೇಳಿದ್ದಾರೆ. ಐದಾರು ಪುಟ ಸರಾಗವಾಗಿ ಬರೆಯುವವರಿಗೆ ಮೊದಲನೆಯದರ ಚಿಂತೆ ಬೇಡ. ಎರಡನೆಯದು ಓದಿನಿಂದಲೂ ಲೋಕವನ್ನು ಕಂಡಿದ್ದರಿಂದಲೂ ಬರುವ ತಿಳಿವಳಿಕೆ. ಸಹಕಾರ ಸಂಘದಲ್ಲಿ ಕೂತು ಬೆಳೆಸಾಲದ ಲೆಕ್ಕ ಬರೆಯುವ ನಿಮಗೆ ಅದು ಅನೇಕ ಲೇಖಕರಿಗಿಂತ ಹೆಚ್ಚೇ ಇದ್ದೀತು. ಕೊರತೆ ಇರುವುದು ಮೂರನೆಯದರಲ್ಲಿ, ಅದೂ ಅರ್ಧ ಮಾತ್ರ. ಕತೆ ಶುರುಮಾಡುವ ಅಭ್ಯಾಸ ನಿಮಗೆ ಹದಿಮೂರು ಸಲ ಆಗಿದೆ, ಮುಗಿಸುವ ಅಭ್ಯಾಸ ಎರಡು ಸಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಆ ಹನ್ನೊಂದು ಕತೆಗಳನ್ನೇ ಎದುರಿಗೆ ಹರವಿಕೊಳ್ಳೋಣ.

ಒಂದು ಭಾನುವಾರ ಹನ್ನೊಂದನ್ನೂ ಓದಿ. ತಿದ್ದಬೇಡಿ, ಪೆನ್ಸಿಲ್ ಕೂಡ ಹಿಡಿಯಬೇಡಿ. ಪ್ರತಿಯೊಂದರ ಬಗ್ಗೆಯೂ ಬೇರೆ ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಎಷ್ಟನೆಯ ಪುಟದಲ್ಲಿ ನಿಂತಿತು, ಆ ಹೊತ್ತಿಗೆ ದೃಶ್ಯದಲ್ಲಿ ಯಾರು ಯಾರಿದ್ದರು, ಆಮೇಲೆ ಏನಾಗಬೇಕಿತ್ತು. ಅರ್ಧಕ್ಕೆ ನಿಂತ ಕತೆಗಳು ಸಾಮಾನ್ಯವಾಗಿ ಮೂರು ಕಡೆ ನಿಲ್ಲುತ್ತವೆ. ಪಾತ್ರಗಳ ಪರಿಚಯವೆಲ್ಲ ಮುಗಿದು, ಇಬ್ಬರು ಮುಖಾಮುಖಿ ಕೂತು ಮಾತಾಡಲೇಬೇಕಾದ ಜಾಗ ಒಂದು. ಕಾಲ ಮುಂದಕ್ಕೆ ಹಾರಬೇಕಾದ ಜಾಗ ಇನ್ನೊಂದು. ಮೂರನೆಯದು ಕೊನೆಯ ಒಂದೂವರೆ ಪುಟ.

ಎರಡನೆಯದೂ ಮೂರನೆಯದೂ ಸುಲಭ. ಕಾಲ ದಾಟಿಸಲು ತಿಳಿಯದವರು ‘ಮರುದಿನ ಬೆಳಿಗ್ಗೆ ಎದ್ದು’ ಎಂದು ಶುರುಮಾಡಿ, ಹಲ್ಲುಜ್ಜಿಸಿ, ತಿಂಡಿ ತಿನ್ನಿಸಿ, ಬಸ್ಸು ಹತ್ತಿಸುವಷ್ಟರಲ್ಲಿ ದಣಿದಿರುತ್ತಾರೆ. ಒಂದು ಸಾಲು ಖಾಲಿ ಬಿಡಿ. ಮುಂದೆ ಯಾವ ಗಳಿಗೆ ಕತೆಗೆ ಬೇಕೋ ಅಲ್ಲಿಂದ ಶುರುಮಾಡಿ. ನಡುವಿನದನ್ನು ಓದುಗರು ತಾವೇ ತುಂಬಿಕೊಳ್ಳುತ್ತಾರೆ. ಕೊನೆಯಲ್ಲಿ ಸಿಕ್ಕಿಕೊಂಡ ಕತೆಯಾದರೆ ಕಡೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ ನೋಡಿ, ಆಮೇಲೆ ಕಡೆಯ ಎರಡು ಪ್ಯಾರಾ ಮುಚ್ಚಿ. ಎಷ್ಟೋ ಸಲ ಕತೆ ಅರ್ಧ ಪುಟ ಹಿಂದೆಯೇ ಮುಗಿದಿರುತ್ತದೆ. ಅದರ ಅರ್ಥವನ್ನು ಬಿಡಿಸಿ ಹೇಳುವ ವಾಕ್ಯಕ್ಕಾಗಿ ಬರೆಯುವವರು ತಿಂಗಳುಗಟ್ಟಲೆ ಕಾಯುತ್ತಿರುತ್ತಾರೆ. ಅಂಥ ವಾಕ್ಯ ಕತೆಗೆ ಬೇಕಾಗಿರುವುದಿಲ್ಲ.

ಕಷ್ಟದ್ದು ಮೊದಲನೆಯದು, ನಿಮ್ಮ ಕತೆ ನಿಂತಿರುವುದೂ ಅಲ್ಲೇ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ನಿಂತ ಪುಟವನ್ನೇ ಮತ್ತೆ ಮತ್ತೆ ಬರೆಯುವುದು. ಕತೆ ಆರನೇ ಪುಟದಲ್ಲಿ ನಿಂತಿದ್ದರೆ ತಪ್ಪು ಬಹುಮಟ್ಟಿಗೆ ಎರಡನೆಯದರಲ್ಲೋ ಮೂರನೆಯದರಲ್ಲೋ ಇರುತ್ತದೆ. ಗದ್ದೆಯ ಕೊನೆಗೆ ನೀರು ಬಾರದಿದ್ದರೆ ಕಾಲುವೆ ಹಿಡಿದು ಹಿಂದಕ್ಕೆ ಹೋಗುತ್ತೇವಲ್ಲ, ಹಾಗೆ ಹೋಗಬೇಕು. ನೀವು ಕಳಿಸಿದ ಭಾಗದ ಕೆಲವು ಸಾಲುಗಳು ಇವು:

“ಸುಮಿತ್ರಾ ಮುಗ್ಧ ಸ್ವಭಾವದವಳಾಗಿದ್ದಳು. ಅಣ್ಣನೆಂದರೆ ಅವಳಿಗೆ ಪ್ರಾಣವಾಗಿತ್ತು. ಆಸ್ತಿಯ ಬಗ್ಗೆ ಅವಳಿಗೆ ಎಂದೂ ಆಸೆ ಇರಲಿಲ್ಲ. ಅವಳು ಒಂದು ಹಳೆಯ ಬ್ಯಾಗನ್ನು ಹಿಡಿದುಕೊಂಡು ಮನೆಯೊಳಗೆ ಪ್ರವೇಶಿಸಿದಳು. ಅವಳ ಮುಖದಲ್ಲಿ ಮಂದಹಾಸ ಮೂಡಿತ್ತು ಮತ್ತು ಕಣ್ಣುಗಳಲ್ಲಿ ಹಳೆಯ ನೆನಪುಗಳು ತುಂಬಿದ್ದವು.”

ಮೊದಲ ಮೂರು ವಾಕ್ಯ ನೋಡಿ. ಅವಳು ಮುಗ್ಧೆ, ಅಣ್ಣನ ಮೇಲೆ ಪ್ರಾಣ, ಆಸ್ತಿಯ ಆಸೆಯಿಲ್ಲ. ಹಾಗಾದರೆ ಸಹಿ ಹಾಕುತ್ತಾಳೆ. ಅವಳು ಹೊಸ್ತಿಲು ದಾಟುವ ಮೊದಲೇ ತೀರ್ಪು ಬಂದಾಯಿತು. ಓದುಗರಿಗೆ ಇದು ಬಾಯಿಬಿಟ್ಟು ಹೇಳಲು ಬಾರದಿದ್ದರೂ ಅನ್ನಿಸುತ್ತದೆ. ನಿಮಗೂ ಬರೆಯುವಾಗ ಅನ್ನಿಸಿದೆ, ಅದಕ್ಕೇ ಕೈ ಏಳಲಿಲ್ಲ. ಆಗಲೇ ಇತ್ಯರ್ಥವಾದದ್ದನ್ನು ಇನ್ನೂ ಹತ್ತು ಪುಟ ಬರೆಯಲು ಯಾರ ಕೈಯೂ ಏಳುವುದಿಲ್ಲ. ಇದನ್ನೇ ಜನ ಸ್ಫೂರ್ತಿ ಬತ್ತಿತು ಅನ್ನುತ್ತಾರೆ.

ಆ ಮೂರನ್ನು ಹೊಡೆದುಹಾಕಿ. ಪಾತ್ರದ ಗುಣವನ್ನು ಮೊದಲೇ ಘೋಷಿಸುವ ವಾಕ್ಯಗಳು ಲೇಖಕರ ಟಿಪ್ಪಣಿ ಪುಸ್ತಕದಲ್ಲಿರಲಿ. ಇನ್ನು ‘ಹಳೆಯ ಬ್ಯಾಗು’. ಯಾವ ಬ್ಯಾಗು? ಸೊರಬದ ಬಟ್ಟೆ ಅಂಗಡಿಯ ಹೆಸರು ಮಾಸಿದ ಕೈಚೀಲವೊ, ಮಗನ ಶಾಲೆಯ ಬ್ಯಾಗೊ? ಮಂದಹಾಸ ಮೂಡುವುದು, ಕಣ್ಣಲ್ಲಿ ನೆನಪು ತುಂಬುವುದು ಸಾವಿರಾರು ಕತೆಗಳಲ್ಲಿ ಬಂದುಹೋದ ಮಾತುಗಳು. ಅವು ಕಣ್ಣಿಗೆ ಏನನ್ನೂ ಕಟ್ಟಿಕೊಡುವುದಿಲ್ಲ. ಇದೇ ಜಾಗವನ್ನು ಹೀಗೆ ಬರೆದು ನೋಡಬಹುದು:

“ಸುಮಿತ್ರಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೈಚೀಲ ಇಡಲು ಜಾಗ ಹುಡುಕಿದಳು. ಮೊದಲು ಅಡಿಕೆ ಚೀಲ ಒಟ್ಟುತ್ತಿದ್ದ ಮೂಲೆಯಲ್ಲಿ ಈಗ ಸೋಫಾ.

‘ಕೂತ್ಕ. ಕಾಫಿ ತರ್ತಾಳೆ.’

‘ನಂಗೆ ಸಕ್ಕರೆ ಬ್ಯಾಡ ಅಂತ ಹೇಳಣ್ಣ ಅತ್ತಿಗೆಗೆ.’

‘ಎಂತಕ್ಕೆ?’

‘ಶುಗರ್ ಅಲ್ವಾ. ಎರಡು ವರ್ಷ ಆತು.’

ಟೀಪಾಯಿಯ ಮೇಲಿದ್ದ ಪ್ಲಾಸ್ಟಿಕ್ ಫೈಲನ್ನು ಶ್ರೀಧರ ಪೇಪರಿನ ಅಡಿಗೆ ಸರಿಸಿದ.”

ತಂಗಿಯ ಪಾಲಿಗೆ ಎಷ್ಟು ಗುಂಟೆ ಬರುತ್ತದೆಂದು ಲೆಕ್ಕ ಹಾಕಿಟ್ಟ ಅಣ್ಣನಿಗೆ ಅವಳಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದು ಗೊತ್ತಿಲ್ಲ. ಇದನ್ನು ಲೇಖಕರು ಎಲ್ಲೂ ಹೇಳಿಲ್ಲ, ಕಾಫಿ ಹೇಳಿತು. ಅವನು ಕೆಟ್ಟವನೇನಲ್ಲ, ಫೈಲನ್ನು ಮರೆಮಾಡುವಷ್ಟು ನಾಚಿಕೆ ಉಳಿದಿದೆ. ಅವಳು ಮುಗ್ಧೆಯೊ, ಎಲ್ಲ ಗೊತ್ತಿದ್ದೂ ಬಂದವಳೊ, ಇನ್ನೂ ತಿಳಿಯದು. ಈಗ ನಿಮ್ಮ ಮುಂದಿರುವ ಪ್ರಶ್ನೆ ‘ಮುಂದೇನು ಬರೆಯಲಿ’ ಎಂಬ ದೊಡ್ಡ ಗೋಡೆಯಲ್ಲ. ಫೈಲು ಯಾವಾಗ ಹೊರಗೆ ಬರುತ್ತದೆ, ಯಾರು ತೆಗೆಯುತ್ತಾರೆ? ಇಷ್ಟೇ. ಇದಕ್ಕೆ ಉತ್ತರ ಬರೆಯುತ್ತಾ ಹೋದರೆ ನಾಲ್ಕು ಪುಟ ಆಗುತ್ತದೆ.

ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ನಿಂತ ಪ್ರತಿ ಕತೆಗೂ ಅದನ್ನು ಹಚ್ಚಿ ನೋಡಿ: ಈ ದೃಶ್ಯದಲ್ಲಿ ಇಬ್ಬರಿಗೂ ಏನು ಬೇಕು, ಅದರಲ್ಲಿ ಬಾಯಿಬಿಟ್ಟು ಹೇಳಲಾಗದ್ದು ಯಾವುದು? ಒಬ್ಬರಿಗೆ ಮಾತ್ರ ಏನೋ ಬೇಕಾಗಿದ್ದು ಇನ್ನೊಬ್ಬರು ಸುಮ್ಮನೆ ಕೇಳಿಸಿಕೊಳ್ಳುವವರಾಗಿದ್ದರೆ ದೃಶ್ಯ ಎರಡು ಪುಟ ದಾಟುವುದಿಲ್ಲ. ಸುಮಿತ್ರಾಗೂ ಏನಾದರೂ ಬೇಕಿರಲಿ. ಅದು ಆಸ್ತಿಯೇ ಆಗಬೇಕಿಲ್ಲ. ಅಮ್ಮನ ಕಾಲದ ತಾಮ್ರದ ಹಂಡೆ ಸಾಕು.

ವ್ಯುತ್ಪತ್ತಿಯ ಮಾತೂ ಇಲ್ಲೇ ಬರುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದ ಮೇಲೆಯೇ ಇಂಥ ಸಹಿಗಳಿಗೆ ಇಷ್ಟು ಬೆಲೆ ಬಂದದ್ದು. ನಿಮ್ಮ ಕತೆಯಲ್ಲಿ ಅಣ್ಣ ಮನೆಯಲ್ಲೇ ಸಹಿ ಹಾಕಿಸಿಕೊಂಡರೆ ಎಲ್ಲ ಮುಗಿಯಿತೆಂದುಕೊಂಡಿದ್ದಾನೆ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಅದಕ್ಕೆ ತಂಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕು, ಕ್ಯಾಮೆರಾದ ಮುಂದೆ ಕೂತು ಫೋಟೊ ತೆಗೆಸಿಕೊಳ್ಳಬೇಕು, ಹೆಬ್ಬೆರಳು ಒತ್ತಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಇದು ವಿವರದ ತಪ್ಪು ಮಾತ್ರವಲ್ಲ, ಕೈಯಾರೆ ಬಿಟ್ಟುಕೊಟ್ಟ ದೃಶ್ಯ. ಆ ಕಚೇರಿಯ ಬೆಂಚಿನ ಮೇಲೆ ಅಣ್ಣ ತಂಗಿ ಪಕ್ಕಪಕ್ಕ ಕೂತು ತಮ್ಮ ಸರದಿಗೆ ಕಾಯುವ ಮುಕ್ಕಾಲು ಗಂಟೆ ಇದೆಯಲ್ಲ, ಅಡುಗೆಮನೆಯ ಕಣ್ಣೀರಿಗಿಂತ ಹೆಚ್ಚಿನದು ಅಲ್ಲಿದೆ. ಒಂದು ದಿನ ರಜೆ ಹಾಕಿ ಆ ಕಚೇರಿಯ ಹೊರಗೆ ಕೂತು ಬನ್ನಿ. ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಟೀ ತರಿಸುತ್ತಾರೆ, ಬೆರಳಿನ ಗುರುತು ಯಂತ್ರಕ್ಕೆ ಹತ್ತದಿದ್ದಾಗ ಏನು ಮಾಡುತ್ತಾರೆ, ನೋಡಿಕೊಂಡು ಬನ್ನಿ.

ಈಗ ಭಾಷೆಯ ಕೆಲಸ. ಕನ್ನಡದಲ್ಲಿ ಬರೆಯುವವರಿಗೇ ಇರುವ ಕೆಲವು ತೊಡಕುಗಳಿವೆ. ಇಂಗ್ಲಿಷಿನಿಂದ ಬಂದ ಕಥಾರಚನೆಯ ಕೈಪಿಡಿಗಳಲ್ಲಿ ಅವು ಸಿಗುವುದಿಲ್ಲ.

ಮೊದಲನೆಯದು ಏಕವಚನ, ಬಹುವಚನ. ನೀವು ಕಳಿಸಿದ ಭಾಗದಲ್ಲಿ ‘ಅಪ್ಪ ತೀರಿಕೊಂಡ ವರ್ಷ’ ಎಂದು ಒಂದು ಕಡೆ ಇದೆ, ಹತ್ತು ಸಾಲು ಕೆಳಗೆ ‘ತಂದೆಯವರು ಹೇಳುತ್ತಿದ್ದರು’ ಎಂದಿದೆ. ಒಂದೇ ಕತೆಯಲ್ಲಿ ಇಬ್ಬರು ಬೇರೆ ಬೇರೆ ಅಪ್ಪಂದಿರು ಬಂದಂತಾಯಿತು. ಅಪ್ಪನನ್ನು ಏಕವಚನದಲ್ಲಿ ಕರೆಯುವ ಮನೆಗಳಿವೆ, ಬಹುವಚನದ ಮನೆಗಳೂ ಇವೆ. ನಿರೂಪಣೆ ಯಾವುದನ್ನು ಹಿಡಿಯುತ್ತದೆಂಬುದರ ಮೇಲೆ ಆ ಪಾತ್ರ ಎಷ್ಟು ಹತ್ತಿರ ಎಂಬುದು ತೀರ್ಮಾನವಾಗುತ್ತದೆ. ಮೊದಲ ಪುಟದಲ್ಲಿ ಒಂದನ್ನು ಆರಿಸಿ ಕೊನೆಯ ತನಕ ಅದರಲ್ಲೇ ಇರಿ. ನಡುವೆ ಬದಲಾಗುವುದಾದರೆ ಅದು ಘಟನೆಯೇ ಆಗಿರಬೇಕು. ಅಣ್ಣನನ್ನು ‘ನೀನು’ ಎನ್ನುತ್ತಿದ್ದ ಸುಮಿತ್ರಾ ಕಚೇರಿಯಲ್ಲಿ ಅಧಿಕಾರಿಯ ಮುಂದೆ ‘ಇವರು’ ಎಂದರೆ ಆ ಒಂದು ಮಾತಿಗೇ ಓದುಗರು ಬೆಚ್ಚುತ್ತಾರೆ.

ಎರಡನೆಯದು ವಾಕ್ಯದ ಬಾಲ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಬಂದಳು, ಕೂತಳು, ನೋಡಿದಳು, ನಕ್ಕಳು’ ಎಂದು ಒಂದೇ ಸದ್ದು ಬಡಿಯತೊಡಗುತ್ತದೆ. ಇಡೀ ಕತೆಯನ್ನು ಗಟ್ಟಿಯಾಗಿ ಓದಿ. ಒಂದೇ ಪ್ರತ್ಯಯದಲ್ಲಿ ಸತತ ನಾಲ್ಕು ವಾಕ್ಯ ಮುಗಿದ ಕಡೆ ಪೆನ್ಸಿಲಿನಿಂದ ಗೆರೆ ಹಾಕಿ. ಒಡೆಯುವ ದಾರಿಗಳು ಕನ್ನಡದಲ್ಲೇ ಇವೆ. ಕ್ರಿಯಾಪದವೇ ಇಲ್ಲದ ವಾಕ್ಯ ನಮಗೆ ಸಹಜ: ‘ಮೂಲೆಯಲ್ಲಿ ಈಗ ಸೋಫಾ.’ ಮಾತಾಡುವಾಗ ನಾವೆಲ್ಲ ಕರ್ತೃವನ್ನು ಕೊನೆಗೆ ಹಾಕುತ್ತೇವೆ: ‘ಆಮೇಲೆ ನಕ್ಕಿದ್ದು ಅತ್ತಿಗೆ.’ ‘ಬಿಟ್ಟು, ತೊಳೆದು, ಒರೆಸಿ’ ಎಂದು ಕ್ರಿಯೆಗಳನ್ನು ಪೋಣಿಸಬಹುದು, ಆದರೆ ಒಂದು ವಾಕ್ಯದಲ್ಲಿ ಮೂರಕ್ಕಿಂತ ಹೆಚ್ಚಾದರೆ ಉಸಿರು ಕಟ್ಟುತ್ತದೆ.

ಮೂರನೆಯದು ಅನುವಾದದ ವಾಸನೆ. ‘ಮುಗ್ಧ ಸ್ವಭಾವದವಳಾಗಿದ್ದಳು’, ‘ಪ್ರಾಣವಾಗಿತ್ತು’: ಈ ‘ಆಗಿತ್ತು’ ಅಗತ್ಯವಿಲ್ಲದ ಕಡೆಯೆಲ್ಲ ಬರುತ್ತಿದೆ. ಅಣ್ಣನೆಂದರೆ ಪ್ರಾಣ, ಅಷ್ಟೇ ನಮ್ಮ ಮಾತು. ‘ಒಂದು ಹಳೆಯ ಬ್ಯಾಗು’ ಎನ್ನುವಾಗಿನ ‘ಒಂದು’, ಎರಡು ವಾಕ್ಯಗಳನ್ನು ಗಂಟುಹಾಕುವ ‘ಮತ್ತು’, ‘ಕರೆಯಲ್ಪಟ್ಟಳು’ ಎಂಬಂಥ ಕರ್ಮಣಿ ಪ್ರಯೋಗ, ಪ್ರತಿ ವಾಕ್ಯಕ್ಕೂ ಹೊಸದಾಗಿ ಬರುವ ‘ಅವಳು’. ಕೊನೆಯ ಕರಡಿನಲ್ಲಿ ಈ ನಾಲ್ಕನ್ನೂ ಕಂಪ್ಯೂಟರಿನಲ್ಲಿ ಹುಡುಕು ಕೊಟ್ಟು ಒಂದೊಂದಾಗಿ ತೆಗೆದು ನೋಡಿ. ತೆಗೆದರೂ ಅರ್ಥ ಕೆಡದಿದ್ದರೆ ಮತ್ತೆ ಹಾಕಬೇಡಿ. ಹತ್ತು ಪುಟದ ಕತೆಯಲ್ಲಿ ಅರ್ಧ ಪುಟ ಇಳಿದರೆ ಆಶ್ಚರ್ಯವಿಲ್ಲ.

ಇನ್ನು ಆಡುನುಡಿ. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ನಿರೂಪಣೆಯನ್ನೂ ನಂಜನಗೂಡು ಕಡೆಯ ಆಡುಮಾತಿನಲ್ಲೇ ನಡೆಸಿದರು, ಆ ಮಾತಿನ ಲಯ ಹುಟ್ಟಿನಿಂದ ಕಿವಿಯಲ್ಲಿದ್ದವರಿಗೆ ಮಾತ್ರ ದಕ್ಕುವ ದಾರಿ ಅದು. ಮೊದಲ ಸಂಕಲನಕ್ಕೆ ಮಾತು ಆಡುನುಡಿಯಲ್ಲಿ, ನಿರೂಪಣೆ ಸರಳ ಬರಹಗನ್ನಡದಲ್ಲಿ ಇರುವುದೇ ನನ್ನ ಆಯ್ಕೆ. ಆದರೆ ಕಾಗುಣಿತ ಒಂದೇ ಇರಲಿ. ‘ಬ್ಯಾಡ’ವೊ ‘ಬ್ಯಾಡಾ’ವೊ, ‘ಆತು’ವೊ ‘ಆಯ್ತು’ವೊ, ‘ಎಂತಕ್ಕೆ’ಯೊ ‘ಎಂತಕೆ’ಯೊ? ಪ್ರತಿ ಕತೆಗೂ ಒಂದು ಹಾಳೆಯಿಟ್ಟು, ಹೀಗೆ ಬರುವ ಪದಗಳನ್ನು ನೀವು ಒಪ್ಪಿದ ರೂಪದಲ್ಲಿ ಬರೆದುಕೊಳ್ಳಿ. ಮೂವತ್ತು ನಲವತ್ತು ಪದ ಆಗಬಹುದು. ಈ ಹಾಳೆ ಇಲ್ಲದಿದ್ದರೆ ಕರಡು ತಿದ್ದುವವರು ಅರ್ಧವನ್ನು ಶಿಷ್ಟ ರೂಪಕ್ಕೆ ತಂದು ಅರ್ಧವನ್ನು ಹಾಗೇ ಬಿಡುತ್ತಾರೆ. ಅಚ್ಚಾದ ಮೇಲೆ ಒಂದೇ ಪಾತ್ರ ಎರಡು ಊರಿನವರಂತೆ ಮಾತಾಡುತ್ತಿರುತ್ತದೆ.

ನೌಕರಿಯ ಪ್ರಶ್ನೆಗೆ ಬರೋಣ. ಮಾಸ್ತಿ ಮೈಸೂರು ಸಂಸ್ಥಾನದ ಆಡಳಿತದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದುಕೊಂಡೇ ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಕತೆ ಬರೆದರು. ಯಶವಂತ ಚಿತ್ತಾಲರು ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ಕನ್ನಡದ ಸಣ್ಣಕತೆಯ ದೊಡ್ಡ ಪಾಲು ಕಚೇರಿಗೆ ಹೋಗಿ ಬರುವವರ ಕೈಯಿಂದಲೇ ಬಂದದ್ದು. ಹಾಗಾಗಿ ಸಾಧ್ಯವೆ ಎಂಬುದಕ್ಕಿಂತ ದಿನದ ಯಾವ ಹೊತ್ತು, ಎಷ್ಟು ಪುಟ ಎಂದು ಕೇಳಿಕೊಳ್ಳಿ.

ಲೆಕ್ಕ ನಿಮ್ಮ ಕಸುಬು, ಲೆಕ್ಕದಲ್ಲೇ ಹೇಳುತ್ತೇನೆ. ಗೆರೆಹಾಳೆಯ ಒಂದು ಪುಟಕ್ಕೆ ಕೈಬರಹದಲ್ಲಿ ಸುಮಾರು 160ರಿಂದ 180 ಪದ ಹಿಡಿಯುತ್ತದೆ. ಪತ್ರಿಕೆಗೆ ಒಪ್ಪುವ 2500 ಪದಗಳ ಕತೆಯೆಂದರೆ ಹದಿನೈದು ಪುಟ. ಬೆಳಿಗ್ಗೆ ನಲವತ್ತು ನಿಮಿಷ ಕೂತರೆ ಒಂದು ಪುಟ ಆಗುತ್ತದೆ. ವಾರಕ್ಕೆ ಐದು ದಿನ ಕೂತರೆ ಮೂರು ವಾರದಲ್ಲಿ ಮೊದಲ ಕರಡು. ಆಮೇಲೆ ಮೂರು ವಾರ ಅದನ್ನು ಮುಟ್ಟಬೇಡಿ. ಆ ಅವಧಿಯಲ್ಲಿ ಇನ್ನೊಂದರ ಕರಡು ನಡೆಯಲಿ. ಹಿಂತಿರುಗಿ ಬಂದಾಗ ತಿದ್ದಲು ಇನ್ನೆರಡು ವಾರ. ಒಂದನ್ನು ತಿದ್ದುತ್ತಾ ಇನ್ನೊಂದನ್ನು ಬರೆಯುವ ಈ ಸರದಿಯಲ್ಲಿ ವರ್ಷಕ್ಕೆ ಆರೇಳು ಕತೆ ಆರಾಮವಾಗಿ ಮುಗಿಯುತ್ತವೆ. ಮಾರ್ಚ್ ತಿಂಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ವರ್ಷಾಂತ್ಯದ ಲೆಕ್ಕ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದವರು ಕತೆ ಬರೆಯಲು ಕೂತರೆ ಕತೆಯೂ ಕೆಡುತ್ತದೆ, ಆರೋಗ್ಯವೂ ಕೆಡುತ್ತದೆ. ಆ ತಿಂಗಳು ಟಿಪ್ಪಣಿ ಪುಸ್ತಕ ಮಾತ್ರ. ಏಪ್ರಿಲ್ ಎರಡನೇ ವಾರ ಮತ್ತೆ ಕೂರಿ.

ಕರಡು ಬರೆಯುವ ದಿನಗಳಲ್ಲಿ ಹಿಂದಿನ ದಿನದ ಕೊನೆಯ ಅರ್ಧ ಪುಟಕ್ಕಿಂತ ಹೆಚ್ಚು ಓದಬೇಡಿ. ಮೊದಲ ಪುಟದಿಂದ ಓದಲು ಕೂತರೆ ತಿದ್ದಲು ಕೈ ಹೋಗುತ್ತದೆ, ನಲವತ್ತು ನಿಮಿಷ ಮೊದಲ ಪುಟದಲ್ಲೇ ಕಳೆಯುತ್ತದೆ. ಅರ್ಧಕ್ಕೆ ನಿಂತ ಕತೆಗಳ ಮೊದಲೆರಡು ಪುಟಗಳು ನುಣ್ಣಗೆ ತೀಡಿದಂತಿರುವುದಕ್ಕೆ ಇದೇ ಕಾರಣ. ನಿಮ್ಮವೂ ಹಾಗೇ ಇರಬಹುದು, ನೋಡಿ. ಹಾಳೆಯ ಒಂದೇ ಬದಿಗೆ ಬರೆಯಿರಿ, ಎದುರು ಬದಿ ತಿದ್ದುಪಡಿಗಿರಲಿ. ಹೆಸರು, ಇಸವಿ, ಗುಂಟೆ ನೆನಪಿಗೆ ಬಾರದಿದ್ದರೆ ಆ ಜಾಗದಲ್ಲಿ ಗುಣಾಕಾರದ ಗುರುತು ಹಾಕಿ ಮುಂದೆ ಹೋಗಿ, ಮೊಬೈಲ್ ತೆಗೆಯಬೇಡಿ. ದಿನದ ಬರಹ ನಿಲ್ಲಿಸುವಾಗ ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ನಿಲ್ಲಿಸಿ, ಅದರ ಮೊದಲ ಎರಡು ಪದ ಮಾತ್ರ ಬರೆದಿಡಿ. ಮರುದಿನ ಕೂತ ಕೂಡಲೇ ಕೈ ಓಡುತ್ತದೆ.

ಒಮ್ಮೆ ಬರೆದದ್ದನ್ನು ತಿದ್ದುವುದು ಪ್ರತಿಭೆ ಕಡಿಮೆ ಇರುವವರ ಕೆಲಸ ಎಂಬ ಅಳುಕು ನಮ್ಮಲ್ಲಿ ಆಳವಾಗಿದೆ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದದ್ದು ತನ್ನ ಹೆಗ್ಗಳಿಕೆ ಎಂದು ಕುಮಾರವ್ಯಾಸ ಹೇಳಿಕೊಂಡಿದ್ದಾನೆ. ಅದನ್ನು ಹೆಗ್ಗಳಿಕೆಯೆಂದು ಎತ್ತಿ ಹೇಳಬೇಕಾಗಿ ಬಂತೆಂದರೆ ಉಳಿದ ಕವಿಗಳೆಲ್ಲ ಹಲಗೆಯ ಮೇಲೆ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಏರಿಸುತ್ತಿದ್ದರು ಎಂದಾಯಿತು. ನಾವೆಲ್ಲ ಆ ಉಳಿದವರ ಸಾಲಿನವರು, ಹಲಗೆ ಬಳಪ ಧಾರಾಳವಾಗಿ ಬಳಸೋಣ.

ಟಿಪ್ಪಣಿ ಪುಸ್ತಕ ಅಂಗಿಯ ಜೇಬಿಗೆ ಹಿಡಿಸುವಷ್ಟು ಸಣ್ಣದಿರಲಿ. ದಿನಕ್ಕೆ ಮೂರು ಸಾಲು, ತಾರೀಖು ಹಾಕಿ. ಅಲ್ಲಿ ವಿಚಾರಗಳನ್ನು ಬರೆಯಬೇಡಿ. ‘ಮನುಷ್ಯ ಸಂಬಂಧಗಳು ಕ್ಷೀಣಿಸುತ್ತಿವೆ’ ಎಂಬ ಸಾಲಿನಿಂದ ಯಾವ ಕತೆಯೂ ಹುಟ್ಟುವುದಿಲ್ಲ. ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆಯಿರಿ, ಕಂಡ ವಸ್ತುವನ್ನು ಕಂಡ ಹಾಗೇ ಬರೆಯಿರಿ. ಸಾಲ ತೀರಿಸಿದ ಮುದುಕ ರಸೀದಿಯನ್ನು ಮಡಚಿ ಎಲ್ಲಿಟ್ಟುಕೊಂಡ? ಜಾಮೀನು ನಿಲ್ಲಲು ಬಂದವನು ಸಹಿ ಹಾಕುವ ಮೊದಲು ಯಾರ ಮುಖ ನೋಡಿದ? ಸಂಘದ ಕೌಂಟರಿನಲ್ಲಿ ಕೂತವರಿಗೆ ಇದು ದಿನಕ್ಕೆ ಹತ್ತು ಸಲ ಕಾಣುತ್ತದೆ. ಒಂದು ಎಚ್ಚರಿಕೆ: ಸದಸ್ಯರ ಖಾತೆಯ ವಿವರ ನಿಮ್ಮನ್ನು ನಂಬಿ ಬಂದದ್ದು. ನಡೆದದ್ದರಿಂದ ಕತೆ ತೆಗೆದುಕೊಳ್ಳುವಾಗ ಊರು, ಸಂಬಂಧ, ವಯಸ್ಸು, ಬೆಳೆ, ಮೊತ್ತ ಇವುಗಳಲ್ಲಿ ಮೂರನ್ನಾದರೂ ಬದಲಾಯಿಸಿ. ಬರೀ ಹೆಸರು ಬದಲಿಸಿದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ.

ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುವ ಕಡತವನ್ನು ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ, ದೀರ್ಘದ ಗುರುತುಗಳು ಅಲ್ಲಲ್ಲಿ ಕೆಡುತ್ತವೆ. ಅಂಥ ಕಡತವನ್ನು ಪರದೆಯ ಮೇಲೆ ನೋಡಿದರೆ ಸಾಲದು, ಮುದ್ರಿಸಿಕೊಂಡು ಸಾಲು ಸಾಲಾಗಿ ಹೋಲಿಸಬೇಕು. ‘ಬ್ಯಾಂಕ್‌ನಲ್ಲಿ’ ಎಂಬುದು ‘ಬ್ಯಾಂಕ್ನಲ್ಲಿ’ ಎಂದು ಅಂಟಿಕೊಳ್ಳುವುದೂ ಸಾಮಾನ್ಯ. ಮೊಬೈಲಿಗೆ ಹೇಳಿ ಬರೆಸುವ ಅಭ್ಯಾಸವಿದ್ದರೆ ಸಂಭಾಷಣೆಗೆ ಅದನ್ನು ಬಳಸಬೇಡಿ. ‘ಕೂತ್ಕ’ ಎಂದದ್ದನ್ನು ಅದು ‘ಕುಳಿತುಕೋ’ ಎಂದು ತಿದ್ದಿಬಿಡುತ್ತದೆ, ಅವಸರದಲ್ಲಿ ನಿಮಗದು ಕಾಣುವುದಿಲ್ಲ.

ಮೊದಲ ಓದುಗರಾಗಿ ಇಬ್ಬರು ಸಾಕು. ಒಬ್ಬರು ನಿಮ್ಮ ಸೀಮೆಯವರಿರಲಿ, ಇನ್ನೊಬ್ಬರು ಕಲಬುರಗಿಯವರೊ ಕೋಲಾರದವರೊ, ಆ ಸೀಮೆ ಗೊತ್ತಿಲ್ಲದವರು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಎಲ್ಲಿ ಓದು ನಿಲ್ಲಿಸಬೇಕು ಅನ್ನಿಸಿತು, ಯಾವ ಮಾತು ಆ ಪಾತ್ರ ಆಡಲಾರದು ಅನ್ನಿಸಿತು, ಕೊನೆಯ ಹೊತ್ತಿಗೆ ಯಾರ ಬಗ್ಗೆ ಇನ್ನೂ ತಿಳಿಯಬೇಕೆನಿಸಿತು? ಈ ಮೂರನ್ನು ಕೇಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ಅಲ್ಲಿ ಖಂಡಿತ ಏನೋ ಇದೆ. ಪರಿಹಾರವಾಗಿ ಅವರು ಸೂಚಿಸಿದ್ದನ್ನು ಹಾಗೇ ತೆಗೆದುಕೊಳ್ಳಬೇಕಿಲ್ಲ. ನೋವಿನ ಜಾಗ ಅವರಿಗೆ ತಿಳಿಯುತ್ತದೆ, ಮದ್ದು ನಿಮಗೆ ತಿಳಿದಿರಬೇಕು.

ಪ್ರಕಟಣೆಯ ಬಗ್ಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಮಯೂರ, ತುಷಾರ, ಸುಧಾ, ತರಂಗದಂಥ ಪತ್ರಿಕೆಗಳಿಗೆ ಕಳಿಸುವ ಮೊದಲು ಆ ಪತ್ರಿಕೆಯ ನಾಲ್ಕು ಸಂಚಿಕೆಯ ಕತೆಗಳನ್ನು ಓದಿ, ಪದಗಳನ್ನು ಎಣಿಸಿ. ಒಂದು ಕತೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಗೆ ಹಬ್ಬಕ್ಕಿಂತ ತಿಂಗಳುಗಳ ಮೊದಲೇ ಆಹ್ವಾನ ಬರುತ್ತದೆ. ಮಳೆಗಾಲದಲ್ಲೇ ಕತೆ ಸಿದ್ಧವಿರಲಿ. ಹಸ್ತಪ್ರತಿ ಸಂಕಲನದಷ್ಟಾದಾಗ ಎರಡು ಬಾಗಿಲುಗಳಿವೆ: ಇನ್ನೂ ಕಥಾಸಂಕಲನ ತರದವರಿಗಾಗಿ ‘ಛಂದ ಪುಸ್ತಕ’ ಪ್ರಕಾಶನ ನಡೆಸಿಕೊಂಡು ಬಂದಿರುವ ಹಸ್ತಪ್ರತಿ ಸ್ಪರ್ಧೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನ. ವಯಸ್ಸು ಮತ್ತು ಪುಟಗಳ ನಿಯಮವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಹತ್ತು ಹನ್ನೆರಡು ಕತೆ, ಒಟ್ಟು 25ರಿಂದ 30 ಸಾವಿರ ಪದ ಇದ್ದರೆ ಡೆಮಿ 1/8 ಆಕಾರದಲ್ಲಿ (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ) 120ರಿಂದ 140 ಪುಟದ ಪುಸ್ತಕವಾಗುತ್ತದೆ. ಅದಕ್ಕಿಂತ ದಪ್ಪ ಮಾಡಲು ದುರ್ಬಲ ಕತೆ ಸೇರಿಸಬೇಡಿ.

ಪ್ರಕಾಶಕರ ಜೊತೆ ಬಾಯಿಮಾತಿನ ಒಪ್ಪಂದ ಬೇಡ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಗೌರವಧನ ಎಷ್ಟು ಎಂಬುದು ಅದರಲ್ಲಿ ಕಾಣಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾಯಿದೆ ಭಾವಿಸುತ್ತದೆ. ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದಾಗ, ಅದು ತಾನಾಗಿ ರದ್ದಾಗುತ್ತದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲು ಕಂಡರೆ ಸಹಿ ಹಾಕಬೇಡಿ. ಹಕ್ಕು ಬಿಟ್ಟುಕೊಡುವ ಕಾಗದದ ಕತೆ ಬರೆಯುತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆಯನ್ನು ಭಾರತದಲ್ಲಿ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕೆಂದು ನಿಮ್ಮಿಂದ ಸಾವಿರಗಟ್ಟಲೆ ಕೇಳಿದರೆ ಬೇರೆ ಪ್ರಕಾಶಕರನ್ನು ನೋಡಿ.

ಹನ್ನೊಂದರಲ್ಲಿ ಮೊದಲು ಯಾವುದನ್ನು ಎತ್ತಿಕೊಳ್ಳಬೇಕು? ನಿಮಗೆ ಅತಿ ಪ್ರಿಯವಾದದ್ದನ್ನು ಅಲ್ಲ. ಪಾತ್ರಗಳು ಮೂರಕ್ಕಿಂತ ಹೆಚ್ಚಿರದ, ಕತೆಯ ಕಾಲ ಒಂದೆರಡು ದಿನದೊಳಗೆ ಮುಗಿಯುವಂಥದ್ದನ್ನು. ಆ ಲೆಕ್ಕದಲ್ಲಿ ಸುಮಿತ್ರಾಳ ಕತೆಯೇ ಮೊದಲನೆಯದು. ಫೈಲು ಪೇಪರಿನ ಅಡಿಯಲ್ಲಿದೆ. ಶ್ರೀಧರ ಇನ್ನೂ ಒಳಗೆ ಹೋಗಿ ಹೇಳಿಲ್ಲ. ಅಷ್ಟರಲ್ಲಿ ಅತ್ತಿಗೆ ಮೂರು ಲೋಟ ಹಿಡಿದು ಬರುತ್ತಾಳೆ, ಒಂದನ್ನು ಬೇರೆಯಾಗಿ ಸುಮಿತ್ರಾಳ ಕೈಗೆ ಕೊಡುತ್ತಾಳೆ, ಅದರಲ್ಲಿ ಸಕ್ಕರೆ ಇಲ್ಲ. ಅವಳಿಗೆ ಯಾವಾಗಿನಿಂದ ಗೊತ್ತಿತ್ತು, ಗಂಡನಿಗೆ ಯಾಕೆ ಹೇಳಿರಲಿಲ್ಲ? ನಾಳೆ ಬೆಳಿಗ್ಗೆಯ ಪುಟಕ್ಕೆ ಇಷ್ಟು ಸಾಕು.